ಅತ್ತೆ ನುಂಗಿದ ನೆಗಡಿ ಮಾತ್ರೆ

ನನ್ನ ಅತ್ತೆ ಮಾತ್ರೆ ನುಂಗುವವರಲ್ಲ. ವರ್ಷಗಟ್ಟಲೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದವರು. ನೆಗಡಿಯಾದರೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದು, ಏಳುವ ಹಬೆಗೆ ಮೂಗು ಒಡ್ಡಿ ವಾಸಿ ಮಾಡಿಕೊಳ್ಳುತ್ತಿದ್ದರು. "ನಮ್ಮ ಮನೆತನದ ಮೈ ಕಲ್ಲು ಕಣೇ" ಎಂದು ನನಗೆ ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ನನ್ನ ಗಂಡ ಬಸ್ ಡ್ರೈವರ್. ಒಂದು ದಿನ ಅವರಿಗೂ ನೆಗಡಿ, ಕಂಡಕ್ಟರಿಗೂ ನೆಗಡಿ. ಇಬ್ಬರೂ ಒಂದೇ ಸ್ಟ್ರಿಪ್ಪಿನಿಂದ ಒಂದೊಂದು ಮಾತ್ರೆ ನುಂಗಿದರು. ಕಂಡಕ್ಟರ್ ಸೀನುವುದು ನಿಲ್ಲಿಸಿ ಟಿಕೆಟ್ ಹರಿಯುತ್ತ ಓಡಾಡಿದ. ನಮ್ಮವರು ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದವರೇ ಸ್ಟೀರಿಂಗ್ ಅಪ್ಪಿಕೊಂಡು ಗೊರಕೆ ಹೊಡೆದರು. ಜನ ಹತ್ತಿ ಕೂತರು, ಕಾದರು, ಬೈದರು, ಕೊನೆಗೆ ಡಿಪೋಗೆ ಫೋನ್ ಮಾಡಿದರು.

"ಕುಡಿದಿದ್ದೀಯ" ಎಂದರು ಡಿಪೋ ಮ್ಯಾನೇಜರ್. ಊದಿಸಿ ನೋಡಿದರೆ ಏನೂ ಇಲ್ಲ. "ಹಾಗಾದ್ರೆ ಸೋಮಾರಿ" ಎಂದು ಕೆಲಸದಿಂದ ತೆಗೆಯಲು ವಿಚಾರಣೆ ಇಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಗೆ ನಮ್ಮ ಜೊತೆ ಅತ್ತೆಯೂ ಹೊರಟರು. ಬೇಡ ಎಂದರೆ ಕೇಳುವ ಜೀವವೇ ಅದು? ಡಿಪೋದ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಇದು ಕಾಯಿಲೆ ಅಲ್ಲ, ಸೋಮಾರಿತನಾನೂ ಅಲ್ಲ. ಕೆಲವು ಮಾತ್ರೇನ ಒಬ್ಬರ ಲಿವರ್ ಬೇಗ ಒಡೆದು ಹೊರಗೆ ಹಾಕುತ್ತೆ, ಇನ್ನೊಬ್ಬರದು ನಿಧಾನ. ಕಂಡಕ್ಟರ್ ಮೈಯಿಂದ ಸಂಜೆಯೊಳಗೆ ಹೋಗೋದು ಇವರ ಮೈಯಲ್ಲಿ ಮಾರನೇ ದಿನಾನೂ ಇರುತ್ತೆ. ಅಪ್ಪ ಅಮ್ಮನಿಂದ ಬರೋ ಗುಣ ಇದು. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿದ್ಯಾ? ಆಗಿದ್ರೆ, ಮಾತ್ರೆಯಿಂದಲೇ ನಿದ್ದೆ ಬಂತು ಅನ್ನೋ ಇವರ ಮಾತು ನಂಬಬಹುದು."

ಅತ್ತೆ ಎದ್ದೇಬಿಟ್ಟರು. "ನನ್ನಿಂದ ಬಂತು ಅಂತೀರಾ? ಎಲ್ಲಿ, ಕೊಡಿ ಇಲ್ಲಿ!"

ಮೇಜಿನ ಮೇಲೆ ಸಾಕ್ಷಿಗೆಂದು ಇಟ್ಟಿದ್ದ ಸ್ಟ್ರಿಪ್ಪಿನಿಂದ ಒಂದನ್ನು ಒತ್ತಿ ತೆಗೆದು, ಮ್ಯಾನೇಜರರ ಲೋಟವನ್ನೇ ಎತ್ತಿ ಗಟಗಟ ಕುಡಿದರು. ಡಾಕ್ಟರಮ್ಮ "ಅಯ್ಯೋ, ಬೇಡಮ್ಮಾ" ಎನ್ನುವಷ್ಟರಲ್ಲಿ ಮಾತ್ರೆ ಗಂಟಲು ದಾಟಿತ್ತು.

ಇವರಿಗೆ ಏನೂ ಆಗದಿದ್ದರೆ ಗಂಡನ ಕೆಲಸ ಹೋದಂತೆಯೇ. ಅತ್ತೆ ಸೋಲಲಿ ಎಂದು ಜೀವನದಲ್ಲಿ ಮೊದಲ ಬಾರಿಗೆ ದೇವರನ್ನು ಬೇಡಿಕೊಂಡೆ. ಸುಳ್ಳೇಕೆ, ಮೊದಲ ಬಾರಿಯೇನಲ್ಲ.

ಎಲ್ಲರೂ ಕಾದೆವು. ಟೀ ಬಂತು. ಅತ್ತೆ ಗೆಲುವಾಗಿ ಮ್ಯಾನೇಜರರ ಅಂಗಿಯ ಹುಳುಕು ತೆಗೆಯತೊಡಗಿದರು. "ಇದೂ ಒಂದು ಇಸ್ತ್ರೀನಾ ಸ್ವಾಮಿ? ಕಾಲರ್ ಮೊದಲು ಒಳಗಡೆಯಿಂದ ಎಳೀಬೇಕು, ಆಮೇಲೆ ತೋಳು... ತೋಳು ಬಂದು..." ತೋಳು ಬರಲೇ ಇಲ್ಲ. ತಲೆ ಮೇಜಿಗೆ ಒರಗಿತು, ಗೊರಕೆ ಶುರುವಾಯಿತು. ಸಾಕ್ಷಿ ಹೇಳಲು ಬಂದಿದ್ದ ಕಂಡಕ್ಟರ್ ಛಂಗನೆ ಎದ್ದ. "ಇದೇ ಸಾರ್! ಬಸ್ಸಲ್ಲಿ ಕೇಳಿಸಿದ್ದು ಇದೇ ಗೊರಕೆ!"

ಡಾಕ್ಟರಮ್ಮ ನಾಡಿ ಹಿಡಿದು, "ಬರೀ ನಿದ್ದೆ, ಗಾಬರಿ ಬೇಡ" ಎಂದರು. ಮ್ಯಾನೇಜರ್ ನಗು ತಡೆಯಲಾರದೆ, "ನಾಡಿದ್ದಿಂದ ಕೆಲಸಕ್ಕೆ ಬಾರಪ್ಪ. ಆ ಮಾತ್ರೆ ಮಾತ್ರ ಮುಟ್ಟಬೇಡ" ಎಂದರು.

ಅತ್ತೆ ಕಣ್ಣು ಬಿಟ್ಟದ್ದು ಮಾರನೆಯ ದಿನ, ಮನೆಯಲ್ಲಿ. "ನಂಗೇನೂ ಆಗ್ಲಿಲ್ಲ ತಾನೇ?"

"ನಿನ್ನೆಯಿಂದ ಮಲಗೇ ಇದ್ದೀಯಮ್ಮ" ಎಂದರು ನನ್ನ ಗಂಡ.

ಅತ್ತೆಯ ಮುಖ ಚಿಕ್ಕದಾಯಿತು. "ಅಂದ್ರೆ ನನ್ನಿಂದ್ಲೇನೋ ನಿಂಗೆ ಬಂದಿದ್ದು?" ಆ ದನಿ ಕೇಳಿ ನನಗೂ ಕರುಳು ಚುರ್ ಎಂದಿತು. ಆಮೇಲೆ ಮೆಲ್ಲಗೆ ಕೇಳಿದರು, "ಕೆಲಸ?"

"ಉಳೀತಮ್ಮ."

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಕೂತು, ನನ್ನ ಕಡೆ ತಿರುಗಿದರು. "ನೋಡ್ದೇನೇ? ನಾನು ಮಲಗಿದ್ದಕ್ಕೆ ನಿನ್ನ ಗಂಡನ ಕೆಲಸ ಉಳೀತು. ಹೋಗು, ಟೀ ತಾ."