ಗಜ್ಜರಿ ರಸದೊಳಗಿನ ಮೀನು

ನನ್ನ ಗಂಡ ಕ್ಯಾರೆಟ್ ರಸದ ಬಾಟಲಿಗಳ ಏಜೆನ್ಸಿ ಹಿಡಿದ ವರ್ಷ, ಅವುಗಳ ಮೇಲೆ ನಾವು ಅಂಟಿಸುವ ಸ್ಟಿಕ್ಕರಿಗೆ ಮಾತು ಬರೆದುಕೊಟ್ಟವಳು ನಾನೇ. ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆಯ ಪತ್ರ, ಬೀಳ್ಕೊಡುಗೆಯ ಮಾನಪತ್ರ, ಓಣಿಯವರ ಮದುವೆ ಕಾರ್ಡಿನ ಒಕ್ಕಣೆ, ಎಲ್ಲ ನನ್ನ ಕೈಯಿಂದಲೇ ಹೋಗುತ್ತವೆ. "ಹೊಲದ ಗಜ್ಜರಿ, ಗಿಡದ ನಿಂಬೆ. ಲಿಂಗಪೂಜೆ ಮುಗಿಸಿ ಬರಿಹೊಟ್ಟೆಯಲ್ಲಿ ಕುಡಿಯಬಹುದಾದ ಅಪ್ಪಟ ಸಸ್ಯಾಹಾರ" ಎಂದು ಬರೆದೆ. ಕೆಳಗೆ ನಮ್ಮ ಅಂಗಡಿಯ ವಿಳಾಸ. ಈ ಸಾಲಿನಿಂದಲೇ ಮಾಲು ಓಡಿತು ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಿರಾಣಿ ಅಂಗಡಿಗಳ ಫ್ರಿಜ್ಜಿನಲ್ಲಿ ನನ್ನ ಸಾಲು ಕುಳಿತಿರುವುದನ್ನು ಬಸ್ಸಿನಿಂದ ಇಳಿದು ನೋಡಿ ಬಂದದ್ದೂ ಉಂಟು.

ಮನೆಯಲ್ಲಿ ಅದನ್ನು ತಪ್ಪದೆ ಕುಡಿಯುತ್ತಿದ್ದವರು ನಮ್ಮ ಅತ್ತೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಗಜ್ಜರಿ ಒಳ್ಳೆಯದೆಂದು ಯಾರೋ ಹೇಳಿದ್ದರು. ಮೊದಲ ದಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಏನೇನು ಹಾಕಿದ್ದಾರೆ ಓದು ಎಂದರು. ಗಜ್ಜರಿ ರಸ, ನೀರು, ನಿಂಬೆರಸ, ಬಣ್ಣ ಎಂದು ಓದಿದೆ. ಯಾವ ಬಣ್ಣ ಎಂದು ಅವರು ಕೇಳಲಿಲ್ಲ, ನಾನೂ ನೋಡಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಲೋಟ ಹಿಡಿದು ಅಡುಗೆಮನೆಗೆ ಬರುತ್ತಿದ್ದರು. ಸುರಿದು ಕೊಡುವವಳು ನಾನು.

ಅತ್ತೆ ಕೆಟ್ಟವರಲ್ಲ. ನನಗೆ ವಿಷಮಶೀತ ಜ್ವರ ಬಂದಾಗ ಹದಿನೈದು ದಿನ ನನ್ನ ತಲೆ ಬಾಚಿ, ಗಂಜಿ ಕುಡಿಸಿದವರು. ಆದರೆ ಶಾಲೆಯ ವಿಜ್ಞಾನ ಶಿಕ್ಷಕಿ, ನನ್ನ ಗೆಳತಿ, ಮನೆಗೆ ಬಂದಾಗ ಮಾತ್ರ ಫ್ರಿಜ್ಜಿನ ಮೇಲಿನ ಕಾಗದದ ಕಪ್ಪುಗಳ ಪೊಟ್ಟಣ ಕೆಳಗೆ ಇಳಿಯುತ್ತಿತ್ತು. ಗೆಳತಿ ಹಂಪಸಾಗರದವಳು, ಬೌದ್ಧರ ಮನೆಯವಳು. ಅವಳ ತಂದೆ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಅವರ ಅಜ್ಜಂದಿರ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಅವರಿಗೆಂದು ಬೇರೆ ಲೋಟವನ್ನು ಕಿಟಕಿಯಲ್ಲಿ ಇಡುತ್ತಿದ್ದರಂತೆ. ಅದು ತಪ್ಪೆಂದು ಅತ್ತೆಗೂ ಗೊತ್ತಿತ್ತು. ಅದಕ್ಕೇ ಕಾಗದದ ಕಪ್ಪು. ತೊಳೆಯುವ ಕೆಲಸವಿಲ್ಲ ಎನ್ನುತ್ತಿದ್ದರು. ಬೇರೆ ಯಾರು ಬಂದರೂ ತೊಳೆಯುವುದು ಅವರಿಗೆ ಭಾರವಾಗುತ್ತಿರಲಿಲ್ಲ. "ಆಕಿ ಒಳ್ಳೇಕಿನಾ, ಆದ್ರ ಮೀನು ಮಾಂಸ ತಿನ್ನೋ ಬಾಯಿ ಅಲ್ಲೇನು" ಎಂದು ಒಮ್ಮೆ ನನ್ನ ಮುಂದೆ ಅಂದಿದ್ದರು. ಗೆಳತಿ ಚಹಾ ಕುಡಿದು, ಕಪ್ಪನ್ನು ಮುದ್ದೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಬಗ್ಗೆ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಎಂಟನೆಯ ತರಗತಿಗೆ ಬೀಜ ಮೊಳೆಯುವುದನ್ನು ತೋರಿಸಲು ಅವಳಿಗೆ ಖಾಲಿ ಬಾಟಲಿಗಳು ಬೇಕಿದ್ದವು. ಮನೆಯಿಂದ ಒಂದು ಚೀಲ ಒಯ್ದುಕೊಟ್ಟೆ. ಅವಳು ಅವನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದಳು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದಳು. ಕಂಪನಿಯ ಲೇಬಲ್ಲು ಪ್ಲಾಸ್ಟಿಕ್ಕಿನದು, ಅದು ಬಿಟ್ಟಿರಲಿಲ್ಲ. ನಮ್ಮ ಕಾಗದದ ಸ್ಟಿಕ್ಕರು ಕಳಚಿ ನೀರಿನ ಮೇಲೆ ತೇಲುತ್ತಿತ್ತು. ಅದು ಮುಚ್ಚಿದ್ದ ಜಾಗದಲ್ಲಿ ಒಂದು ಕಂದು ಚೌಕ, ಅದರೊಳಗೆ ಕಂದು ತ್ರಿಕೋನ. ಸಸ್ಯಾಹಾರದ ಹಸಿರು ಚುಕ್ಕೆ ಇರಬೇಕಾದಲ್ಲಿ ಮಾಂಸಾಹಾರದ ಗುರುತು. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬಣ್ಣದ ಹೆಸರಿನ ಮುಂದೆ, ಮೀನಿನ ಜೆಲಟಿನ್ ಎಂದು ಬರೆದಿತ್ತು.

ನನಗೆ ಅರ್ಥವಾಗಲಿಲ್ಲ. ಗಜ್ಜರಿ ರಸಕ್ಕೂ ಮೀನಿಗೂ ಏನು ಸಂಬಂಧ ಎಂದು ಕೇಳಿದೆ.

"ಆ ಬಣ್ಣ ನೀರಾಗ ಕರಗಂಗಿಲ್ಲ ಅಕ್ಕಾ. ಮೀನಿನ ತೊಗಲು, ಎಲುಬು ಕುದಿಸಿ ಅಂಟು ತೆಗೀತಾರ. ಅದರಾಗ ಬಣ್ಣದ ಪುಡಿ ಸುತ್ತಿ ಹಾಕಿದ್ರ ರಸದಾಗ ಸಮನಾಗಿ ನಿಲ್ಲತೈತಿ" ಎಂದಳು. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ನಾವು ಮೀನು ತಿನ್ನೋರು, ನನಗೇನಿಲ್ಲ. ನಿಮ್ಮ ಅತ್ತಿಯವ್ರು ದಿನಾ ಕುಡೀತಾರ. ಅವ್ರಿಗೆ ಗೊತ್ತಾಗಬೇಕು" ಅಂದಳು.

ಅವಳ ಮುಖದಲ್ಲಿ ನಗು ಹುಡುಕಿದೆ. ಕಾಗದದ ಕಪ್ಪಿನ ಸೇಡು ಅಲ್ಲೆಲ್ಲಾದರೂ ಇದ್ದೀತೆಂದು ನೋಡಿದೆ. ಇರಲಿಲ್ಲ. ಬಾಟಲಿಯನ್ನು ಪ್ರಯೋಗಾಲಯದ ಕರಿಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸಿ, ಅವಳ ಎದುರಿಗೇ ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಆಗ ನೆನಪಾಯಿತು, ಮೊದಲು ನಮ್ಮ ಸ್ಟಿಕ್ಕರು ಬಾಟಲಿಯ ಹೆಗಲ ಮೇಲಿರುತ್ತಿತ್ತು. ಎರಡು ತಿಂಗಳಿಂದ ಹಿಂಭಾಗದ ಕೆಳಕ್ಕೆ ಇಳಿದಿತ್ತು. ಹೊಸ ಬಾಟಲಿಗೆ ಮೇಲೆ ಜಾಗವಿಲ್ಲ ಎಂದು ಗಂಡ ಹೇಳಿದ್ದನ್ನು ನಂಬಿದ್ದೆ.

ಸಂಜೆ ಗೋಡೌನಿಗೇ ಹೋಗಿ ಫೋಟೋ ತೋರಿಸಿ ಕೇಳಿದೆ. ಅವರು ಬೆಚ್ಚಲಿಲ್ಲ. ಬಾಗಿಲು ಮುಂದೆ ಮಾಡಿ, ತಣ್ಣಗೆ ಹೇಳಿದರು.

"ಮೊದಲಿನದರಾಗೂ ಅದಾ ಇತ್ತಂತ. ಆಗ ಬರದಿದ್ದಿಲ್ಲ, ಈಗ ಬರದಾರ. ಅಷ್ಟಾ ಫರಕು. ಒಂದು ಚಿಟಿಕಿ ಪುಡಿಗೆ ಯಾರ ಜಾತಿ ಕೆಡತೈತಿ?"

"ನಿಮ್ಮ ಅವ್ವ ಪೂಜಿ ಮುಗಿಸಿ ಕುಡೀತಾರ್ರಿ" ಎಂದೆ.

"ಅದಕ್ಕಾ ಹೇಳಬ್ಯಾಡ. ಎದಿ ಒಡಕೊಂತಾಳ."

ಮರುದಿನ ಬೆಳಿಗ್ಗೆ ಅತ್ತೆ ಲೋಟ ಹಿಡಿದು ಬಂದರು. ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಕೈ ಮಾತ್ರ ತನ್ನ ಪಾಡಿಗೆ ತಾನು ಮುಚ್ಚಳ ತಿರುಗಿಸಿ ಸುರಿಯಿತು. ಅವರು ಕುಡಿದು, ಈಗೀಗ ಪಂಚಾಂಗದ ಅಕ್ಷರಗಳು ಕಾಣಿಸುತ್ತಿವೆ ಎಂದು ಹೇಳಿ ಲೋಟ ತೊಳೆದಿಟ್ಟರು. ಅದರ ಮರುದಿನವೂ ಸುರಿದೆ. ಒಟ್ಟು ಏಳು ಬೆಳಿಗ್ಗೆ ಗೊತ್ತಿದ್ದೂ ಸುರಿದಿದ್ದೇನೆ.

ಅತ್ತೆಗೆ ಹೇಳುವ ಧೈರ್ಯ ಬರದಿದ್ದರೂ ಹರಪನಹಳ್ಳಿಯಲ್ಲಿರುವ ನನ್ನ ತಂಗಿಗೆ ಹೇಳದೆ ಇರಲಾಗಲಿಲ್ಲ. ಅವಳ ಮಾವನವರೂ ನನ್ನ ಮಾತು ಕೇಳಿಯೇ ಅದನ್ನು ಕುಡಿಯಲು ಶುರುಮಾಡಿದ್ದರು. ಫೋಟೋ ಕಳಿಸಿ, ಕೊಡುವುದನ್ನು ನಿಲ್ಲಿಸು, ಯಾರಿಗೂ ಕಳಿಸಬೇಡ ಎಂದು ಬರೆದೆ. ತಂಗಿ ತನ್ನ ನಾದಿನಿಗೆ ಮಾತ್ರ ಕಳಿಸಿದಳಂತೆ. ನಾದಿನಿಯೂ ಒಬ್ಬರಿಗೆ ಮಾತ್ರ ಕಳಿಸಿದ್ದು. ನಾಲ್ಕನೆಯ ದಿನ ಹೊಳಲಿನ ಅಂಗಡಿಯವರೊಬ್ಬರು ಅದೇ ಫೋಟೋವನ್ನು ನನ್ನ ಗಂಡನ ಫೋನಿಗೆ ಕಳಿಸಿ, ಇದೇನ್ರಿ ಎಂದು ಕೇಳಿದ್ದರು. ಮಧ್ಯಾಹ್ನದೊಳಗೆ ಮಾಗಳದಿಂದ, ಕೊಟ್ಟೂರಿನಿಂದ, ಕೂಡ್ಲಿಗಿಯಿಂದ ಫೋನು.

ಗಂಡ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಅವರು ನೋಡಿದ್ದು ಕಂದು ತ್ರಿಕೋನವನ್ನಲ್ಲ, ಹಿಂದೆ ಕಾಣುತ್ತಿದ್ದ ಕರಿಕಲ್ಲಿನ ಕಟ್ಟೆ, ಬಾಗಿದ ನಲ್ಲಿ, ತಟ್ಟೆಯಲ್ಲಿ ನೆನೆದ ಅವರೆ ಬೀಜ. ನಾನು ತೋರಿಸಿದ್ದ ಫೋಟೋ ಇದೇ ಎಂದು ಅವರಿಗೆ ಹೊಳೆಯುತ್ತದೆ ಎಂದುಕೊಂಡು ನಿಂತಿದ್ದೆ. ಅವರು ನನ್ನ ಕಡೆ ತಿರುಗಿ, "ಅವತ್ತು ನಿನಗ ಇದನ್ನ ಕಳಿಸಿದ್ದು ಆ ಸೈನ್ಸ್ ಟೀಚರಾ ಹೌದಿಲ್ಲೋ? ಊರಿಗೆಲ್ಲಾ ಹಂಚ್ಯಾಳ ನೋಡು" ಎಂದರು.

ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಸುಮ್ಮನಿದ್ದೆ. ಮೌನವೇ ಹೌದೆಂದು ಅವರು ತಿಳಿದರು. ಅವರು ಹಾಗೆ ತಿಳಿಯಲೆಂದೇ ನಾನು ಸುಮ್ಮನಿದ್ದದ್ದು. ಅದನ್ನು ಈಗ ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ಗಂಡನ ದೊಡ್ಡಪ್ಪನ ಮಗ. ಎರಡು ದಿನದಲ್ಲಿ ಗೆಳತಿಯನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕರೆಸಿದರು. ನನ್ನನ್ನೂ ಕರೆಸಿದರು, ನಡೆದದ್ದನ್ನು ಬರೆದುಕೊಳ್ಳಲು. ಶಾಲೆಯ ಜಾಗ ಬಳಸಿ ಒಂದು ಸಮಾಜದ ಭಾವನೆಗೆ ನೋವು ಮಾಡುವ ಚಿತ್ರ ಹರಡಿದ್ದೀರಿ ಎಂದು ಅಧ್ಯಕ್ಷರು ಮೆತ್ತಗೆ ಹೇಳಿದರು. ಬಾಟಲಿಯಲ್ಲಿ ಬರೆದದ್ದು ಸುಳ್ಳೇ ಎಂದು ಅವಳು ಕೇಳಿದಳು. ಅದು ಇಲ್ಲಿಯ ಪ್ರಶ್ನೆಯಲ್ಲ ಎಂದರು.

"ಫೋಟೋ ನಾ ತೆಗೆದಿಲ್ರಿ."

"ಮತ್ಯಾರು ತೆಗೆದ್ರು?"

"ತೆಗೆದೋರು ಹೇಳ್ಲಿ" ಎಂದಳು.

ನನ್ನ ಕಡೆ ನೋಡಿದ್ದರೆ ಒಳ್ಳೆಯದಿತ್ತು. ಅವಳು ನೋಡಲಿಲ್ಲ. ಮೇಜಿನ ಮೇಲಿನ ಹಾಜರಿ ಪುಸ್ತಕವನ್ನೇ ನೋಡುತ್ತ ನಿಂತಳು. ನಾನು ಬಗ್ಗಿ ಬರೆಯುತ್ತಿದ್ದೆ. "ಶಿಕ್ಷಕಿಯು ಸಮಾಧಾನಕರ ಉತ್ತರ ನೀಡಲಿಲ್ಲ" ಎಂದು ಬರೆದೆ. ಆಮೇಲೆ ಕಾರಣ ಕೇಳುವ ನೋಟಿಸನ್ನೂ ನನ್ನಿಂದಲೇ ಬರೆಸಿದರು. ಬೇರೆ ಯಾರು ಬರೆದರೂ ಕಾಗುಣಿತ ತಪ್ಪಾಗುತ್ತದೆ ಎಂದು ಮುಖ್ಯೋಪಾಧ್ಯಾಯರ ಮಾತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಊರಿನ ಮಾತು ಅಷ್ಟರಲ್ಲಿ ಅತ್ತೆಯ ಕಿವಿಗೂ ಬಿದ್ದಿತ್ತು. ಒಂದು ಬೆಳಿಗ್ಗೆ ಲೋಟವಿಲ್ಲದೆ ಅಡುಗೆಮನೆಗೆ ಬಂದರು. ಬಾಟಲಿ ತೆಗೆದುಕೊಂಡು ತಾವೇ ಉಗುರಿನಿಂದ ಸ್ಟಿಕ್ಕರನ್ನು ಕೆರೆಯತೊಡಗಿದರು. ಅರ್ಧ ಕಿತ್ತು ಬಂತು. ನನ್ನ ಮುಂದೆ ಹಿಡಿದು ಓದು ಎಂದರು. ಈ ಸಲ ಪೂರ್ತಿ ಓದಿದೆ. ಹೊಟ್ಟೆಗೆ ಎರಡೂ ಕೈ ಹಚ್ಚಿಕೊಂಡು ಅಲ್ಲೇ ಕಟ್ಟೆಗೆ ಒರಗಿ ಕುಳಿತರು. ನನ್ನ ಕಣ್ಣಲ್ಲಿ ನೀರು ಬಂತು. ಫೋಟೋ ತೆಗೆದದ್ದು, ತಂಗಿಗೆ ಕಳಿಸಿದ್ದು, ಏಳು ದಿನ ಗೊತ್ತಿದ್ದೂ ಸುರಿದದ್ದು, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಹಾಗಾದರೂ ನಿಜ ಹೊರಗೆ ಬಂದೀತು.

ಅವರು ಉಗುರಿಗೆ ಅಂಟಿದ್ದ ಸ್ಟಿಕ್ಕರಿನ ಚೂರನ್ನು ಕೆರೆದು ತೆಗೆದರು. ಕೊನೆಗೆ, "ನನ್ನ ಮಗ ಗೊತ್ತಿದ್ದು ಕುಡಿಸಿದ ಅಂತ ಊರಾಗ ಆಗಬಾರ್ದು. ನೀ ಕಳಿಸಿದಿ ಅಂತನೂ ಆಗಬಾರ್ದು" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಆಕಿ ಮಾಡ್ಯಾಳ ಅಂತನಾ ಇರ್ಲಿ. ಆಕಿಗೇನ್ ಕಡಿಮಿ ಆಗತೈತಿ" ಎಂದರು.

ಅವತ್ತು ಅವರು ಮತ್ತೆ ಸ್ನಾನ ಮಾಡಿ, ಎರಡನೆಯ ಸಲ ಪೂಜೆಗೆ ಕುಳಿತು, ಮಧ್ಯಾಹ್ನದವರೆಗೆ ಬಾಗಿಲು ತೆಗೆಯಲಿಲ್ಲ. ಸಂಜೆ ಕೇಳಿದವರಿಗೆ, ಆ ರಸದಿಂದ ಎದೆ ಉರಿಯುತ್ತದೆ, ಬಿಟ್ಟೆ ಎಂದರು. ಗಂಡ ಅಂಗಡಿಗಳಿಂದ ಬಾಟಲಿಗಳನ್ನು ಸದ್ದಿಲ್ಲದೆ ವಾಪಸ್ ತರಿಸಿಕೊಂಡರು. ಫೋಟೋ ಹೊಟ್ಟೆಕಿಚ್ಚಿನವರು ಮಾಡಿಸಿದ್ದು ಎಂಬ ಮಾತು ಟೆಂಪೋದ ಜೊತೆಗೇ ಊರೂರಿಗೆ ಹೋಯಿತು. ಈಗ ಅವರು ಬೇರೆ ಕಂಪನಿಯ ನೀರಿನ ಬಾಟಲಿ ಮಾರುತ್ತಾರೆ.

ಗೆಳತಿ ನೋಟಿಸಿಗೆ ಒಂದೇ ಸಾಲಿನ ಉತ್ತರ ಕೊಟ್ಟಳು, ತಪ್ಪೊಪ್ಪಿಗೆ ಬರೆದುಕೊಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಮುಂದಿನ ವರ್ಷಕ್ಕೆ ಬರುವುದು ಬೇಡ ಎಂದು ಹೇಳಿದರು. ಹಡಗಲಿಯ ಇನ್ನೊಂದು ಶಾಲೆಯಲ್ಲಿ ಕೇಳಿಕೊಂಡಳಂತೆ. ಅವರು ಇಲ್ಲಿಗೆ ಫೋನು ಮಾಡಿ ವಿಚಾರಿಸಿದರು. ಇಲ್ಲಿಂದ ನೋಟಿಸಿನ ಪ್ರತಿ ಹೋಯಿತು.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಹಂಪಸಾಗರಕ್ಕೆ ಹೋದೆ. ಮುಂಗೋಣೆಯಲ್ಲಿ ಏಳೆಂಟು ಹೆಣ್ಣುಮಕ್ಕಳಿಗೆ ಅವಳು ಟ್ಯೂಷನ್ ಹೇಳುತ್ತಿದ್ದಳು. ನನ್ನನ್ನು ಕಂಡು ಮಕ್ಕಳನ್ನು ಹಿತ್ತಲಿಗೆ ಕಳಿಸಿ ಕುರ್ಚಿ ಹಾಕಿದಳು. ಅವಳ ತಾಯಿ ಊಟ ಮಾಡಿ ಹೋಗ್ರಿ ಎಂದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಹೇಳಿದೆ. ಫೋಟೋ ತೆಗೆದವಳು ನಾನು, ಸುಮ್ಮನಿದ್ದವಳು ನಾನು, ನೋಟಿಸು ಬರೆದವಳೂ ನಾನು ಎಂದೆ. ಕ್ಷಮಿಸು ಎಂದೆ. ಅವಳು ನಡುವೆ ಒಮ್ಮೆಯೂ ತಡೆಯಲಿಲ್ಲ.

"ಇದೆಲ್ಲಾ ನನಗ ಗೊತ್ತಿರೋದಾ ಐತಲ್ರಿ ಮೇಡಂ" ಎಂದಳು. ಅವಳು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. "ಗೊತ್ತಿಲ್ಲದೋರಿಗೆ ಹೋಗಿ ಹೇಳ್ರಿ."

ಸಿಟ್ಟು ಮಾಡಿ ಹೇಳಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ತಿದ್ದುವ ಹಾಗೆ ಹೇಳಿದಳು. ಆಮೇಲೆ ಮಕ್ಕಳನ್ನು ಕರೆದು ಪಾಠ ಬಿಟ್ಟಲ್ಲಿಂದ ಮುಂದುವರಿಸಿದಳು. ನಾನು ಎದ್ದು ಬಂದೆ.

ಮರುದಿನ ಸೋಮವಾರ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಅಧ್ಯಕ್ಷರೂ ಇದ್ದರು. ನನ್ನನ್ನು ಕಂಡು, ಬರ್ರಿ, ಒಂದು ಆಮಂತ್ರಣ ಪತ್ರಿಕೆ ಬರೀಬೇಕಾಗೈತಿ ಎಂದು ಕರೆದರು. ಕುಳಿತು ಬರೆದುಕೊಟ್ಟೆ. ಅದಾಗಿ ಎರಡು ವರ್ಷವಾಯಿತು. ಗಂಡನಿಗಾಗಲಿ, ಶಾಲೆಯಲ್ಲಾಗಲಿ ನಾನು ಇನ್ನೂ ಹೇಳಿಲ್ಲ.