ಕಲ್ಲಿನ ಮೇಲಿನ ತಾರೀಖು

ಹುಸೇನಸಾಬರ ಮನೆಯನ್ನು ಕೆಡವಿದ್ದು ಕಚೇರಿಯವರು. ಕೆಡವಿಸಿದವನು ನಾನು. ಅದಕ್ಕಾಗಿ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ — ಹಾಗಾಗಿಯೇ ಇಷ್ಟು ವರ್ಷ ಸಜ್ಜನನೆಂದು ತಿರುಗಾಡಿದೆ.

ಪಣಜಿಯಲ್ಲಿ ಕ್ರೈಸ್ತರ ಸ್ಮಶಾನದ ಗೋಡೆಗೆ ಆತುಕೊಂಡು ಒಂಬತ್ತು ಖೋಲಿಗಳ ಸಾಲು ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಶವಪೆಟ್ಟಿಗೆ ಮಾಡುವ ಬಡಿಗ, ಮೇಣದಬತ್ತಿ ಮಾರುವ ಮುದುಕಿ, ಹೂಚಕ್ರಕ್ಕೆ ತಂತಿ ಬಗ್ಗಿಸುವವರು — ಗೋಡೆಯ ಆಚೆಯವರಿಂದಲೇ ಈಚೆಯವರ ಹೊಟ್ಟೆ ತುಂಬುತ್ತಿತ್ತು. ಧಾರವಾಡದಿಂದ ಹೋದ ನನ್ನದು ಹೂವಿನ ಅಂಗಡಿ. ಬೋರ್ಡಿಂಗಿನಲ್ಲಿ ಗಂಟೆಯ ಸಪ್ಪಳಕ್ಕೆ ಎದ್ದು, ಗಂಟೆಯ ಸಪ್ಪಳಕ್ಕೆ ಉಂಡು ಬೆಳೆದವನು ನಾನು. ಐದೂವರೆಗೆ ಬೆಳಗಾವಿ ಬಸ್ಸಿನಿಂದ ಬುಟ್ಟಿ ಇಳಿಸಬೇಕು, ಆರಕ್ಕೆ ಬಾಗಿಲು, ಹನ್ನೊಂದಕ್ಕೆ ಎರಡನೇ ಸಲ ನೀರು ಚಿಮುಕಿಸುವುದು. ಊರಿಗೆ ಹೋದ ದಿನಗಳನ್ನು ಬಿಟ್ಟರೆ ಇಪ್ಪತ್ತು ವರ್ಷ ಇದು ತಪ್ಪಲಿಲ್ಲ.

ನನ್ನ ಪಕ್ಕದ ಖೋಲಿ ವಿಜಯಪುರದ ಕಡೆಯ ಹುಸೇನಸಾಬರದು. ಅಮೃತಶಿಲೆಯ ಫಲಕಗಳ ಮೇಲೆ ಹೆಸರು ಕೆತ್ತುವುದು ಅವರ ಕಸುಬು. ಅಕ್ಷರ ಓದಲು ಬರುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಯಾರಾದರೂ ಬರೆದುಕೊಟ್ಟರೆ ಒಂದು ಗೆರೆಯೂ ಅತ್ತಿತ್ತ ಆಗದ ಹಾಗೆ ಕೆತ್ತುತ್ತಿದ್ದರು. ಭಾರಿ ಮಾತಿನ ಮನುಷ್ಯ.

"ಅಣ್ಣಾರ, ನಿಮ್ಮ ಬಾಗಲಾ ತಗದ ಸಪ್ಪಳಕ್ಕ ಗೋಡಿ ಆಚಿ ಮಲಗಿದವರೂ ಮಗ್ಗಲಾ ಬದಲಸ್ತಾರ ನೋಡ್ರಿ" ಎನ್ನುತ್ತಿದ್ದರು. "ನನ್ನ ಕಲ್ಲು ನೂರು ವರ್ಷ ಬಾಳತೈತಿ, ನಿಮ್ಮ ಹೂ ಒಂದ ದಿನ. ಆದರೂ ಗಿರಾಕಿ ನಿಮಗ ಹೆಚ್ಚು."

ನಾನು ನಗುತ್ತಿದ್ದೆ. ಆದರೆ — ಈಗ ಮುಚ್ಚಿಡುವುದೇನಿದೆ — ಆ ಉಳಿಯ ಟಕ್ ಟಕ್ ನನಗೆ ಸಹಿಸಲಾಗುತ್ತಿರಲಿಲ್ಲ. ನನ್ನ ಬಾಗಿಲಿಗಿಂತ ಮೊದಲೇ ಅದು ಶುರುವಾಗುತ್ತಿತ್ತು. ಬಿಳಿ ಧೂಳು ಸೇವಂತಿಗೆಯ ಮೇಲೆ ಕೂರುತ್ತಿತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರು ಹಿತ್ತಲಿಗೆ ಹೋಗಿ ಕೂರುತ್ತಿದ್ದರು, ಅಂಥ ಮನುಷ್ಯ. ನಾನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಎಂಬತ್ತರ ದಶಕದ ನಡುವೆ ಪುರಸಭೆಯ ಕಚೇರಿಯಿಂದ ಒಬ್ಬ ಅಧಿಕಾರಿ ಪಟ್ಟಿ ಮಾಡಲು ಬಂದರು. ಎಂಟು ವರ್ಷಕ್ಕಿಂತ ಮೊದಲು ಬಂದವರು ಇರಬಹುದು, ಆಮೇಲೆ ಬಂದವರು ಖೋಲಿ ಬಿಡಬೇಕು. ಉಳಿದವರಿಗೆ ರೇಷನ್ ಕಾರ್ಡಿತ್ತು. ಹುಸೇನಸಾಬರ ಹೆಸರು ಮಾತ್ರ ಊರಿನಲ್ಲಿ ತಂದೆಯ ಕಾರ್ಡಿನಲ್ಲೇ ಇತ್ತು. ಅವರ ಬಳಿ ಕಾಗದ ಇರಲಿಲ್ಲ, ಕಲ್ಲುಗಳಿದ್ದವು.

ಆ ಸ್ಮಶಾನದ ಪದ್ಧತಿ ಹೀಗೆ: ಮಣ್ಣು ಮಾಡಿ ಮೂರು ವರ್ಷವಾದ ಮೇಲೆ ಗುಂಡಿ ಬಿಚ್ಚಿ, ಎಲುಬುಗಳನ್ನು ತೊಳೆದು ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಗೂಡಿನ ಬಾಯಿಗೆ ಹೆಸರಿನ ಫಲಕ. ಹುಸೇನಸಾಬರು ಅಧಿಕಾರಿಯನ್ನು ಒಂದು ಗೂಡಿನ ಮುಂದೆ ಕರೆದೊಯ್ದರು. ಮೂಲೆಯಲ್ಲಿ ತಾವು ಗುರುತಿಗೆ ಹಾಕುವ ಎರಡು ಸಣ್ಣ ಗೀರು ತೋರಿಸಿದರು. ಆ ಗೂಡಿನ ಹೆಣ್ಣುಮಗಳು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಫಲಕ ಕೂರಿಸಿ ಒಂಬತ್ತು. ಆದರೆ ಆ ಮನೆಯವರು ಊರು ಬಿಟ್ಟು ಹೋಗಿದ್ದರು. ಯಾರಾದರೂ ಹೌದೆನ್ನಬೇಕಿತ್ತು. ಸಾಲಿನಲ್ಲಿ ಲೈಸೆನ್ಸ್ ಇದ್ದವನು ನಾನೊಬ್ಬ; ಕಚೇರಿಗೆ ನನ್ನ ಮಾತೇ ಲೆಕ್ಕ. ನನ್ನನ್ನು ಕರೆಸಿದರು. ಈ ಫಲಕ ಯಾವ ವರ್ಷ ಕೂರಿಸಿದ್ದು ಎಂದು ಅಧಿಕಾರಿ ಕೇಳಿದರು.

ನನಗೆ ಗೊತ್ತಿತ್ತು. ನನ್ನ ತಾಯಿ ತೀರಿಕೊಂಡ ವರ್ಷ ಅದು. ದಿನಕರ್ಮ ಮುಗಿಸಿ ಧಾರವಾಡದಿಂದ ಬಂದು ಅಂಗಡಿ ಮತ್ತೆ ತೆರೆದ ದಿನ ನಾನು ಕಟ್ಟಿದ ಮೊದಲ ಹೂಚಕ್ರ ಆ ಗೂಡಿನದೇ. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಹುಸೇನಸಾಬರು ಅದೇ ಕಲ್ಲನ್ನು ಒರೆಸುತ್ತ ಕೂತಿದ್ದರು. ಮರೆಯುವ ವರ್ಷವೇ ಅದು?

ನಾನು ಹೇಳಿದ್ದು ಇಷ್ಟು: "ಕಲ್ಲಿನ ಮ್ಯಾಲಿರೋದು ತೀರಿಕೊಂಡ ತಾರೀಖು ರೀ, ಸಾಹೇಬ್ರ. ಕಲ್ಲು ಕೂಡಸೋದು ಮನಿಯವರ ಅನುಕೂಲದ ಮ್ಯಾಲ. ಕೆಲವರು ಐದಾರು ವರ್ಷ ಬಿಟ್ಟೂ ಕೂಡಸ್ತಾರ."

ಒಂದೊಂದು ಮಾತೂ ನಿಜ. ಹುಸೇನಸಾಬರೇ ತಲೆಯಾಡಿಸಿದರು — "ಹೌದ್ರಿ, ಅಣ್ಣಾರು ಹೇಳೋದು ಖರೇ ಐತಿ." ಕಸುಬಿನ ಮಾತು ಬಂದಾಗ ಅವರು ಅಡ್ಡ ಮಾತಾಡಿದವರೇ ಅಲ್ಲ. ಆಮೇಲೆ ನನ್ನ ಮುಖ ನೋಡಿದರು. ಮುಂದಿನ ಮಾತಿಗೆ ಕಾದರು — ಆದರೆ ಇದು ಒಂಬತ್ತು ವರ್ಷದ್ದು ಎಂಬ ಮಾತಿಗೆ. ನಾನು ಕೈಗಡಿಯಾರ ನೋಡಿಕೊಂಡೆ. ಹನ್ನೊಂದಾಗಿತ್ತು. "ಹೂವಿಗೆ ನೀರು ಹಾಕಬೇಕ್ರಿ" ಎಂದು ಹೊರಟುಬಂದೆ.

ಆ ವಾರ ಹುಸೇನಸಾಬರ ಖೋಲಿಯ ಗೋಡೆ ಒಡೆದರು. ಅವರು ಪಣಜಿ ಬಿಟ್ಟು, ಕಾರ್ಖಾನೆಗಳಿದ್ದ ಸಾಂಕೋಲೆ ಎಂಬ ಊರಿಗೆ ಹೋದರು. ಅಲ್ಲಿ ಹೆಸರು ಕೆತ್ತಿಸುವವರು ಯಾರು? ಕಟ್ಟಡಗಳಲ್ಲಿ ಯಂತ್ರ ಹಿಡಿದು ನೆಲದ ಕಲ್ಲು ಉಜ್ಜುವ ಕೆಲಸ. ನನಗೆ ನಾಲ್ಕು ಅಡಿ ಜಾಗ ಹೆಚ್ಚಿಗೆ ಸಿಕ್ಕಿತು.

ಎರಡು ವರ್ಷ ಬಿಟ್ಟು ಒಮ್ಮೆ ಬಂದರು. ಸೊರಗಿದ್ದರು. ಕೆಮ್ಮುತ್ತಿದ್ದರು. ಅರ್ಜಿ ಕೊಟ್ಟರೆ ಪಟ್ಟಿಯನ್ನು ಮತ್ತೊಮ್ಮೆ ನೋಡುತ್ತಾರೆಂದು ಯಾರೋ ಹೇಳಿದ್ದರಂತೆ.

"ಅವತ್ತ ನೀವು ಗಡಿಬಿಡಿಯಾಗ ಇದ್ರಿ ಅಣ್ಣಾರ, ನೆನಪಾಗಲಿಲ್ಲ. ಅದ್ರಾಗ ನಿಮ್ಮ ತಪ್ಪೇನೈತಿ? ಈಗರೆ ನೆನಪಾದ್ರ ಆ ವರ್ಷ ಒಂದ ಚೀಟಿ ಮ್ಯಾಲ ಬರದ ಕೊಡ್ರಿ."

ನಾನು ಪೆನ್ನು ತೆಗೆದೆ. ವರ್ಷ ಬರೆದರೆ, ಅಂದು ಗೊತ್ತಿದ್ದೂ ಹೇಳಲಿಲ್ಲವೆಂದು ನನ್ನ ಕೈಯಾರೆ ಬರೆದುಕೊಟ್ಟಂತೆ — ಆಗ ನನ್ನ ಹೆಸರು, ನನ್ನ ಲೈಸೆನ್ಸ್... ನಾನು ಬರೆದದ್ದು: ಈತ ನನಗೆ ಪರಿಚಿತ, ಸಭ್ಯ, ಕಷ್ಟಪಟ್ಟು ದುಡಿಯುವವ. ಸಹಿ ಹಾಕಿ, ನೀಟಾಗಿ ಮಡಚಿ ಕೊಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಜೇಬಿನಲ್ಲಿಟ್ಟರು. ಅದರಲ್ಲಿ ವರ್ಷವಿಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ. ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಮೊದಲನೆಯದನ್ನು ಕ್ಷಮಿಸುವವರು ಯಾರಾದರೂ ಇದ್ದಾರು, ಇದನ್ನು —

ತೊಂಬತ್ತರ ದಶಕದ ಕೊನೆಗೆ, ಅವರು ತೀರಿಹೋದ ಸುದ್ದಿ ಬಡಿಗನ ಬಾಯಿಂದ ಕೇಳಿದೆ. ಕೇಳಿದ ನಾಲ್ಕನೇ ದಿನ ಸಾಂಕೋಲೆಗೆ ಹೋದೆ. ತಗಡಿನ ಖೋಲಿ. ಅವರ ಹೆಂಡತಿ ಬೀಬಿಜಾನ್ ಅಕ್ಕಿ ಆರಿಸುತ್ತ ಕೂತಿದ್ದಳು. ಚಾಪೆ ಹಾಸಿ, ಕೂಡ್ರಿ ಅಂದಳು. ನಾನು ಒಂದೂ ಬಿಡದೆ ಹೇಳಿದೆ: ಫಲಕ, ಗಡಿಯಾರ, ಚೀಟಿ. ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ.

ಆಕೆ ಮೊರವನ್ನು ಪಕ್ಕಕ್ಕೆ ಇಟ್ಟಳು. ಅಳಲಿಲ್ಲ, ಬೈಯಲಿಲ್ಲ.

"ಹೋಗೋ ಮುಂದ ಸೈತ ನಿಮ್ಮ ಹೆಸರು ತಗದ್ರು, ಅಣ್ಣಾರ. ಪಣಜಿಯಾಗ ನನ್ನ ಸಲುವಾಗಿ ಬರದ ಕೊಟ್ಟವರು ಅವರೊಬ್ಬರ ಅಂದ್ರು. ಆ ಮಾತೊಂದು ಇಟಗೊಂಡ ಕುಂತಿದ್ನಿ ನಾ. ಇವತ್ತ ಅದನೂ ಒಯ್ಯಾಕ ಬಂದ್ರೇನು?"

ಆಕೆ ಮತ್ತೆ ಮೊರದ ಅಕ್ಕಿಗೆ ಕೈಹಾಕಿದಳು. ನಾನು ಚಾಪೆ ಬಿಟ್ಟು ಎದ್ದೆ.