ಚಾಸಿ ನೋಡದೆ ಹೂಂ ಎನ್ನದ ಸುವರ್ಣಾ ಮೇಡಂ

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನಲ್ಲಿ ಹಳೆಯ ಗಾಡಿ ಕೊಳ್ಳಹೊರಟವರಾರೂ ಸುವರ್ಣಾ ಮೇಡಂ ಅವರ ಹೆಸರು ಕೇಳದೆ ಇರಲಾರರು. ನಮ್ಮ ಭಾಗದ ಕೈಗಾರಿಕಾ ತರಬೇತಿ ಸಂಸ್ಥೆಗಳ ಮೋಟಾರು ವಾಹನ ವಿಭಾಗದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಬೋಧಿಸಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವಂತೆ, ಪಕ್ಕದ ವೆಲ್ಡಿಂಗ್ ಶೆಡ್ಡಿನ ಬೋಧಕನಾದ ನನ್ನನ್ನು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಿದ್ದಾರೆ. ಇಂಥ ಗ್ರಂಥಗಳಲ್ಲಿ ‘ದಣಿವರಿಯದ ದುಡಿಮೆ’ ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯಲಾರೆ. ಅವರು ದಣಿದಿದ್ದರು, ನಾನದನ್ನು ಕಣ್ಣಾರೆ ಕಂಡಿದ್ದೇನೆ.

ಗಜೇಂದ್ರಗಡದ ನೇಕಾರ ಮನೆತನ ಅವರದು. ತಂದೆ ಬೇಗ ತೀರಿಕೊಂಡಾಗ ತಾಯಿ ವೀರವ್ವನವರು ಸೀರೆ ನೇಯ್ದೇ ಮಗಳನ್ನೂ ಮಗ ಮುತ್ತಪ್ಪನನ್ನೂ ಬೆಳೆಸಿದರು. ಹೆಣ್ಣುಮಗಳು ಇಂಜಿನ್ ಬಿಚ್ಚುವುದನ್ನು ನೋಡಲು ಜನ ಶೆಡ್ಡಿನ ಕಿಟಕಿಗೆ ಬಂದು ನಿಲ್ಲುತ್ತಿದ್ದ ಕಾಲದಲ್ಲಿ ಅವರು ನರಗುಂದದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ರೋಣಕ್ಕೆ, ಕೊನೆಗೆ ಗಜೇಂದ್ರಗಡಕ್ಕೆ ಬಂದರು. ಖಾಲಿಯಾದ ಹುದ್ದೆಗಳು ಖಾಲಿಯೇ ಉಳಿದು, ಇಬ್ಬರು ಮಾಡುವ ಪಾಠವನ್ನು ಅವರೊಬ್ಬರೇ ಮಾಡಿದರು. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ರಮಜಾನಬಿ ನಡುವೆಯೇ ಕಲಿಕೆ ಬಿಟ್ಟಾಗ, ಮೇಡಂ ಬಸ್ಸು ಹತ್ತಿ ಅವಳ ಊರಿಗೇ ಹೋಗಿ, ತಾಯಿಯನ್ನು ಒಪ್ಪಿಸಿ, ವರ್ಷವಿಡೀ ತಮ್ಮ ಮನೆಯಲ್ಲೇ ಇಟ್ಟುಕೊಂಡು ಪರೀಕ್ಷೆಗೆ ಕೂರಿಸಿದರು. ಆಕೆ ಇಂದು ಗದಗಿನ ಸರ್ವಿಸ್ ಸೆಂಟರೊಂದರಲ್ಲಿ ಮೇಲ್ವಿಚಾರಕಿ.

ವಾರವಿಡೀ ದುಡಿದ ಈ ಜೀವಕ್ಕೆ ರವಿವಾರವೂ ಬಿಡುವಿರಲಿಲ್ಲ. “ಅಕ್ಕಾರ, ಒಂದ್ ಸಲ ಕೆಳಗ ಹಣಿಕಿ ನೋಡ್ರಿ” ಎಂದು ಯಾರಾದರೊಬ್ಬರು ಬಾಗಿಲಿಗೆ ಬರುತ್ತಿದ್ದರು. ಬಣ್ಣ, ಸೀಟು, ಹಾರ್ನುಗಳನ್ನು ಕೊಳ್ಳುವವರೇ ನೋಡಿಕೊಳ್ಳುತ್ತಾರೆ. ಗಾಡಿಯ ಇಡೀ ಭಾರ ಹೊರುವ ಚಾಸಿಯನ್ನು ನೋಡಲು ನೆಲಕ್ಕೆ ಮಲಗಬೇಕು. ಮಲಗುವ ಕೆಲಸ ಅವರದಾಗಿತ್ತು.

ಕೆಲವು ವರ್ಷಗಳ ಹಿಂದೆ ಅವರು ತಮ್ಮ ಸ್ವಂತ ತಮ್ಮನ ಅಂಗಳದಲ್ಲಿಯೇ ಹಾಗೆ ಮಲಗಬೇಕಾಯಿತು. ಬಸ್ ನಿಲ್ದಾಣದ ಹಿಂದೆ ಹಳೆಯ ಗಾಡಿಗಳ ವ್ಯಾಪಾರ ಹೂಡಿದ್ದ ಮುತ್ತಪ್ಪನವರು, ಕೈಲಿದ್ದ ಬಂಡವಾಳವನ್ನೆಲ್ಲ ಸುರಿದು, ಕರಾವಳಿಯಿಂದ ಕೆಂಪು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದರು. ರೋಣದ ಹತ್ತಿ ವ್ಯಾಪಾರಿಗಳ ಮಗ ಅನಿಲಕುಮಾರ, ಹೊಸದಾಗಿ ಕೈಹಿಡಿದ ಪೂಜಾಳೊಡನೆ ಅದನ್ನು ನೋಡಲು ಬಂದ. ಕಾರಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅವನ ಮನಸ್ಸು ಸೋತಿತ್ತು.

“ಸುವರ್ಣಾ ಮೇಡಮ್ಮಾರು ಚಲೋ ಐತಿ ಅಂದ್ರ ಸಾಕ್ರಿ, ಈಗ ತಗೊಂಡು ಹೋಗ್ತೀನಿ” ಎಂದ.

ಮುತ್ತಪ್ಪನವರಿಗೆ ಸಂತೋಷವೋ ಸಂತೋಷ. ಅಕ್ಕನಿಗೆ ಹೇಳಿಕಳಿಸಿದರು, ನಾನೂ ಜೊತೆಗೆ ಹೋದೆ. “ಅಕ್ಕಾ, ಇಂಜಿನ್ ಚಾಲೂ ಮಾಡಿ ಕೇಳು, ಹ್ಯಾಂಗ ಐತಿ!” ಎಂದರು.

“ಇಂಜಿನ್ ಆಮ್ಯಾಲೆ. ಮೊದಲ ಕೆಳಗ ನೋಡೂಣು.”

ಆ ಕಾರಿನ ಮೈ ಫೈಬರಿನದು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಒಳಗಿನ ಕಬ್ಬಿಣದ ಚಾಸಿ ಉಪ್ಪುಗಾಳಿಗೆ ಕರಗುತ್ತಿದ್ದರೂ ಮೇಲೆ ಮದುವಣಗಿತ್ತಿಯಂತೆ ಹೊಳೆಯುತ್ತಲೇ ಇರುತ್ತದೆ. ಮೇಡಂ ಸೀಟಿನ ಕೆಳಗಿನ ಚಾಪೆ ಎತ್ತಿ ಮೂಸಿದರು, ಬೆಲ್ಟು ಬಿಗಿದ ಜಾಗವನ್ನು ಹಿಡಿದು ಜಗ್ಗಿದರು. ಕಾರನ್ನು ಎತ್ತರಿಸಿ ನಿಲ್ಲಿಸಿದ ಮೇಲೆ ತಾಡಪತ್ರಿ ಹಾಸಿಕೊಂಡು ಕೆಳಗೆ ಸರಿದರು. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿಯಲಾಗಿತ್ತು. ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಬಡಿಯುತ್ತ ಬಂದರು: ಠಣ್, ಠಣ್. ಹಿಂದಿನ ಗಾಲಿಗಳ ಹತ್ತಿರ ಬಂದಾಗ ಸದ್ದು ಮಂಕಾಯಿತು. ಅಯಸ್ಕಾಂತ ಅಲ್ಲಿ ಅಂಟದೆ ಜಾರಿ ಬಿತ್ತು. ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ಬಣ್ಣದ ಸಿಪ್ಪೆ, ತೂತು ಮುಚ್ಚಲು ಮೆತ್ತಿದ್ದ ಲಪ್ಪ, ಕೆಂಪು ಪುಡಿ ಅವರ ಮುಖದ ಮೇಲೆ ಉದುರಿದವು.

ಅವರು ಹೊರಗೆ ಬರಲಿಲ್ಲ. ನಾನು ಬಗ್ಗಿ, “ಮೇಡಂ?” ಎಂದೆ.

“ಇರ್ರಿ ಸರ್. ಒಂದ್ ಗಳಿಗಿ ಹಿಂಗ ಇರ್ತೀನಿ.”

ತಮ್ಮನ ಪಾದಗಳು ಅವರ ತಲೆಯ ಪಕ್ಕದಲ್ಲೇ ಕಾಯುತ್ತಿದ್ದವು.

ಹೊರಬಂದವರು ಮುಖ ಒರೆಸಿಕೊಂಡು ನೇರವಾಗಿ ಅನಿಲಕುಮಾರನಿಗೆ ಹೇಳಿದರು: “ತಗೋಬ್ಯಾಡ್ರಿ. ಹಿಂದಿನ ಗಾಲಿ ಕೂತ ಜಾಗಾ ಪೂರಾ ಜಂಗ ತಿಂದೈತಿ. ಜೋರ್ ಹೊಂಟಾಗ ಕಿತ್ತ ಬಂತಂದ್ರ ಇಬ್ಬರೂ ಉಳಿಯಂಗಿಲ್ಲ.”

ಮುತ್ತಪ್ಪನವರು ನನ್ನ ಕಡೆ ತಿರುಗಿದರು. “ಸರ್, ವೆಲ್ಡಿಂಗ್ ಹಚ್ಚಿದ್ರ ಆಗಂಗಿಲ್ಲೇನ್ರಿ?” ನಾನೂ ಕೆಳಗೆ ಹೋಗಿ ನೋಡಿದೆ. “ಹಚ್ಚಾಕ ಗಟ್ಟಿ ಕಬ್ಬಿಣ ಬೇಕಲ್ಲ ಮುತ್ತಪ್ಪ. ಎಲ್ಲಿ ಮುಟ್ಟಿದ್ರೂ ಪುಡಿ ಆಗಾಕತ್ತೈತಿ” ಎಂದೆ.

ಗಂಡಹೆಂಡಿರು ಹೊರಟುಹೋದರು. “ಅಕ್ಕ ಅಂತ ಕರೆದ್ನಿ. ತಮ್ಮನ ಹೊಟ್ಟಿ ಮ್ಯಾಲ ಹೊಡದಿ” ಎಂದರು ಮುತ್ತಪ್ಪನವರು.

“ನಿನಗೂ ಯಾರೋ ಮೋಸ ಮಾಡ್ಯಾರ, ತಮ್ಮಾ. ನೀ ಅದನ್ನ ಮುಂದ ದಾಟಸಬ್ಯಾಡ.”

ಕಾರು ಗುಜರಿಗೆ ಹೋಯಿತು. ತಾಯಿಯೂ ಮಗನ ಪಕ್ಷ ವಹಿಸಿ, “ಒಂದ್ ಮಾತ ಸುಮ್ಮನಿದ್ದಿದ್ರ ಏನಾಗ್ತಿತ್ತವಾ?” ಎಂದರಂತೆ. ಆ ವರ್ಷ ನಾಗರಪಂಚಮಿಗೆ ತವರಿನ ಕರೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಆ ಎರಡನೆಯ ಹಬ್ಬದ ಮರುದಿನ ಮೇಡಂ ನನ್ನ ಶೆಡ್ಡಿನ ಬೆಂಚಿನ ಮೇಲೆ ಚಹಾದ ಲೋಟ ಹಿಡಿದು ಕುಳಿತರು. “ಸಾಕಾಗೇತ್ರಿ ಸರ್. ಇನ್ನ ಯಾರ ಗಾಡೀನೂ ನೋಡಂಗಿಲ್ಲ” ಎಂದರು. ಆ ರವಿವಾರ ಮುಶಿಗೇರಿಯ ರೈತರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಮೇಡಂ ಬೇಡವೆನ್ನಲಿಲ್ಲ. ಸಂತೋಷದಿಂದ ನೋಡಿದರು ಎಂದೂ ನಾನು ಹೇಳಲಾರೆ.

ಮೂರನೆಯ ವರ್ಷ, ಪಂಚಮಿ ಹತ್ತಿರವಿರುವಾಗ, ಮುತ್ತಪ್ಪನವರೇ ಹಳೆಯ ಟೆಂಪೋ ಒಂದನ್ನು ಅಕ್ಕನ ಮನೆಮುಂದೆ ತಂದು ನಿಲ್ಲಿಸಿ ತಲೆತಗ್ಗಿಸಿ ನಿಂತರು. “ಅಕ್ಕಾ, ಇನ್ನೂ ವ್ಯಾಪಾರದ ಮಾತು ಮುಗಿಸಿಲ್ಲ. ಮೊದಲ ನೀ ನೋಡು.”

ಮೇಡಂ ಹಿಂದಿನ ಜಗಳದ ಮಾತನ್ನು ಎತ್ತಲಿಲ್ಲ. ತಾಡಪತ್ರಿ ಹಾಸಿದರು. ಮುತ್ತಪ್ಪನವರೂ ಬಿಳಿ ಅಂಗಿಯಲ್ಲೇ ಪಕ್ಕಕ್ಕೆ ಮಲಗಿ, “ಎಲ್ಲಿ ಬಡಿಯೂದು, ತೋರಸು” ಎಂದರು. ಅಕ್ಕ ತಮ್ಮನ ಕೈಗೆ ಸುತ್ತಿಗೆ ಕೊಟ್ಟರು. ಆ ಹಬ್ಬಕ್ಕೆ ಅವರು ತವರಿನಲ್ಲಿ ಉಂಡರು.

ಮೊನ್ನೆ, ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಕೇಳಿದೆ. “ಮುತ್ತಪ್ಪ ಕಲ್ತಾನ್ರಿ ಸರ್. ಅಂವ ಬಡೀತಾನ, ನಾ ಕುರ್ಚಿ ಮ್ಯಾಲ ಕುಂತು ಕೇಳ್ತೀನಿ” ಎಂದು ನಕ್ಕರು. ಸುವರ್ಣಾ ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ, ಆ ಕಿವಿ ಬಹುಕಾಲ ಚುರುಕಾಗಿರಲಿ. ಮತ್ತು ಅವರನ್ನು ಆ ಕುರ್ಚಿಯಿಂದ ಯಾರೂ ಎಬ್ಬಿಸದಿರಲಿ.